ಬಸಣ್ಣ ಹಿಮದಲ್ಲಿ ಜಾರಲು ಹೊರಟಿದ್ದು

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಮೊಳೆಗೆ ಒಂದು ಜೊತೆ ಕೈಗವಸು ನೇತಾಡುತ್ತಿರುತ್ತದೆ. ಕಪ್ಪು ಬಣ್ಣದ್ದು, ಒಳಗೆ ಹತ್ತಿಯಂಥದೇನೋ ತುಂಬಿದ್ದು, ಒಂದೊಂದು ಬೆರಳೂ ಬಾಳೆಹಣ್ಣಿನ ಗಾತ್ರ. ಮುದ್ದೆಯ ಪಾತ್ರೆ ಇಳಿಸಲು, ಕುಕ್ಕರ್ ಎತ್ತಲು ಅಂಥ ವಸ್ತು ಇನ್ನೊಂದಿಲ್ಲ. ಮನೆಗೆ ಬಂದವರು ನೋಡಿ, "ಏನ್ರೀ, ಬಾಕ್ಸಿಂಗ್ ಕಲೀತಿದೀರಾ?" ಎನ್ನುತ್ತಾರೆ. "ಇಲ್ಲ, ನಮ್ಮಣ್ಣ ಹಿಮದ ಮೇಲೆ ಜಾರೋಕೆ ಅಂತ ತರಿಸಿದ್ದು" ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಈ ಹಿಂದೂಪುರದಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಂತು ಹಿಮದ ಮಾತಾಡಿದರೆ ಯಾರು ತಾನೆ ನಂಬುತ್ತಾರೆ? ನಿಮಗಾದರೂ ಪೂರ್ತಿ ಹೇಳಿಬಿಡುತ್ತೇನೆ.

ನಮ್ಮಣ್ಣ ಬಸಣ್ಣನಿಗೆ ಈಗ ಐವತ್ತೆಂಟು. ಕಲ್ಯಾಣದುರ್ಗದಲ್ಲಿ ಕಡ್ಲೆಕಾಯಿ ಸುಲಿಯುವ ಮಿಷನ್ನು ನಡೆಸುತ್ತಾನೆ. ನಮ್ಮಪ್ಪ ಇಟ್ಟಿದ್ದು ಅದು. ನನ್ನನ್ನು ಹಿಂದೂಪುರದ ಹುಣಸೆಹಣ್ಣಿನ ಮಂಡಿಯವರ ಮನೆಗೆ ಕೊಟ್ಟು ಮೂವತ್ತು ವರ್ಷವಾಯಿತು. ಈ ಮೂವತ್ತು ವರ್ಷದಲ್ಲಿ ಅಣ್ಣ ಕರೆಯದೆ ನಮ್ಮ ಮನೆ ಮೆಟ್ಟಿಲು ಹತ್ತಿದವನಲ್ಲ. ಅಂಥವನು ಕಾರ್ತೀಕದ ಒಂದು ಸೋಮವಾರ ಬೆಳಗ್ಗೆ ಮೊದಲನೇ ಬಸ್ಸಿಗೆ ಬಂದುಬಿಟ್ಟ. ನೀಲತ್ತಿಗೆಯನ್ನೂ ಕರೆತಂದಿದ್ದ. ಉಪ್ಪಿಟ್ಟು ಮುಂದಿಟ್ಟರೆ ಮುಟ್ಟದೆ, ಗಂಟಲು ಸರಿಮಾಡಿಕೊಂಡು, "ಸರೋಜಿ, ಜನವರಿನಾಗೆ ನಾವು ನಾಕೂ ಜನ ಸ್ಕೀಯಿಂಗ್ ಹೋಗಾನ ಕಣಮ್ಮ" ಎಂದ.

ನನಗೆ ಶ್ರೀಶೈಲ ಎಂದು ಕೇಳಿಸಿತು. "ಶಿವರಾತ್ರಿಗೆ ಹೋದ್ರಾಯ್ತು ಬಿಡು, ಜನವರಿನಾಗೆ ಯಾಕೆ?" ಎಂದೆ.

"ಶ್ರೀಶೈಲ ಅಲ್ಲ ಕಣಮ್ಮ. ಸ್ಕೀಯಿಂಗ್. ನೋಡಿಲ್ಲಿ" ಎಂದು ಫೋನು ತೆಗೆದ. ಒಬ್ಬ ಎರಡು ಕಾಲಿಗೂ ಉದ್ದುದ್ದ ಹಲಗೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು, ಬೆಳ್ಳನೆಯ ಗುಡ್ಡದಿಂದ ಕಲ್ಲು ಉರುಳಿದ ಹಾಗೆ ಬರುತ್ತಿದ್ದ. "ಶಿಮ್ಲಾ ಐತಲ್ಲ, ಅದರ ಹತ್ರ ನಾರ್ಕಂಡ ಅಂತ ಒಂದು ಗುಡ್ಡದೂರು. ಅಲ್ಲೊಂದು ರೆಸಾರ್ಟ್ ನೋಡಿದೀನಿ. ಐದು ದಿವಸ ಇಟ್ಕೊಂಡು ಕಲಿಸ್ತಾರಂತೆ."

ನಾನು ನೀಲತ್ತಿಗೆಯ ಮುಖ ನೋಡಿದೆ. ಅವಳು ಸೆಟ್ಟೂರಿನ ಕಡೆಯ ಹೊಲದ ಮನೆಯಿಂದ ಬಂದವಳು, ಮಾತು ಕಮ್ಮಿ. "ಹದಿನೈದು ದಿವಸದಿಂದ ಇದೇ ಜಪ ಕಣಮ್ಮ. ನೀನಾದ್ರೂ ಬುದ್ಧಿ ಹೇಳ್ತೀಯ ಅಂತ ಬಂದೆ" ಎಂದಳು.

ನಾನು ಬೆಚ್ಚಿಬಿದ್ದದ್ದು ಯಾಕೆಂದರೆ, ನಮ್ಮ ವಂಶದಲ್ಲೇ ಬಸಣ್ಣನಂಥ ಅಂಜುಬುರುಕ ಇನ್ನೊಬ್ಬ ಹುಟ್ಟಿಲ್ಲ. ಚಿಕ್ಕಂದಿನಲ್ಲಿ ಕುಂದುರ್ಪಿಯ ಸೋದರತ್ತೆ ಮನೆಗೆ ಬಸ್ಸಿನಲ್ಲಿ ಹೋಗುವಾಗ ಅವನ ವಯಸ್ಸಿನ ಹುಡುಗರೆಲ್ಲ ಟಾಪಿನ ಮೇಲೆ ಹತ್ತಿ ಕೂಗಾಡುತ್ತಿದ್ದರೆ, ಅಣ್ಣ ಒಳಗೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣುಮುಚ್ಚಿರುತ್ತಿದ್ದ. ಮಿಷನ್ ಮನೆಯ ಹಿಂದೆ ಕಡ್ಲೆಕಾಯಿ ಹೊಟ್ಟಿನ ರಾಶಿ ಬೀಳುತ್ತಿತ್ತು. ಸುಗ್ಗಿಯಲ್ಲಿ ಅದು ತಾರಸಿಯ ಎತ್ತರಕ್ಕೆ ಬೆಳೆಯುತ್ತಿತ್ತು. ಬೀದಿಯ ಮಕ್ಕಳೆಲ್ಲ ಗೋಣಿಚೀಲ ಹಾಸಿಕೊಂಡು ಅದರ ನೆತ್ತಿಯಿಂದ ಜರ್ರನೆ ಜಾರುವುದು. ಮೂಗು, ಕಿವಿ, ಲಂಗದ ಮಡಿಕೆಯಲ್ಲೆಲ್ಲ ಹೊಟ್ಟು. ಅದರಲ್ಲಿ ನಾನೇ ಮುಂದು. ಅಮ್ಮ ಸಂಜೆ ನನ್ನ ಜಡೆ ಬಿಚ್ಚಿ ಬಾಚಿದರೆ ಒಂದು ಮೊರ ಹೊಟ್ಟು ಉದುರುತ್ತಿತ್ತಂತೆ. ಅಣ್ಣ ಮಾತ್ರ ಒಂದು ದಿನವೂ ಹತ್ತಲಿಲ್ಲ. ಕೆಳಗೆ ನಿಂತು, "ಬೀಳ್ತೀಯ ಕಣೇ, ಮೂಗಿಗೆ ಹೋಯ್ತೈತೆ, ಇಳಿಯೇ" ಎಂದು ಅಳುದನಿಯಲ್ಲಿ ಕೂಗುತ್ತಿದ್ದ. ನಂದಿಬೆಟ್ಟಕ್ಕೆ ಹೋದಾಗಲೂ ಮದುವೆಯಾದ ಗಂಡಸು ಮಂಜಿಗೆ ಹೆದರಿ ಕಾರಿನಿಂದ ಇಳಿಯಲಿಲ್ಲ. ಈಗ ಅವನಿಗೆ ಹಲಗೆ ಕಟ್ಟಿಕೊಂಡು ಹಿಮಾಲಯದಿಂದ ಜಾರಬೇಕಂತೆ!

ನಮ್ಮ ಯಜಮಾನರು ಮಲ್ಲೇಶಪ್ಪನವರು ಆಗಷ್ಟೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಗೆ ಬಂದರು. ಇವರಾದರೂ ಬೈಯುತ್ತಾರೆ ಎಂದುಕೊಂಡೆ. ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ, "ಬಾವ, ಜಾರೋಕೆ ಅಷ್ಟು ದೂರ ಯಾಕೆ? ನಮ್ಮ ಬಚ್ಚಲುಮನೆ ಇಲ್ವಾ?" ಎಂದು ನಕ್ಕು, "ಸರಿ, ನೋಡಾನ" ಎಂದರು. ಬೇಡ ಎನ್ನಲಿಲ್ಲ. ಆ ಒಂದು ಗಳಿಗೆಯ ನೋಟವನ್ನು ನಾನು ಆವತ್ತೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ನನಗೂ ಆಸೆ ಹತ್ತಿಬಿಟ್ಟಿತ್ತು.

ಹಿಮ ಎಂದರೆ ನಾನು ಕಂಡಿದ್ದು ಐಸ್‌ಕ್ಯಾಂಡಿಯವನ ಡಬ್ಬಿಯ ಒಳಗೋಡೆಯಲ್ಲಿ ಮಾತ್ರ. ಎಲ್ಲ ಮಾರಿ ಮುಗಿದ ಮೇಲೆ ಅವನು ಮುಚ್ಚಳ ತೆಗೆದು ನಮಗೆ ಕೆರೆದುಕೊಳ್ಳಲು ಬಿಡುತ್ತಿದ್ದ. ಉಗುರಿನಲ್ಲಿ ಕೆರೆದರೆ ಬೆಳ್ಳಗೆ ಪುಡಿಪುಡಿ ಬರುತ್ತಿತ್ತು, ಬಾಯಿಗಿಟ್ಟರೆ ತುಕ್ಕಿನ ರುಚಿ. ಅಂಥದ್ದು ಒಂದು ಗುಡ್ಡದಷ್ಟು ಇರುತ್ತದೆಂದರೆ ಹೋಗದೆ ಇರುವುದು ಹೇಗೆ?

ಆವತ್ತಿನಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ದೇವನಹಳ್ಳಿಯಿಂದ ಚಂಡೀಗಡಕ್ಕೆ ವಿಮಾನ, ಅಲ್ಲಿಂದ ಶಿಮ್ಲಾಕ್ಕೆ ಕಾರು, ಶಿಮ್ಲಾದಿಂದ ಮೇಲಕ್ಕೆ ಇನ್ನೊಂದು ಕಾರು. ಅಣ್ಣ ದಿನಾ ಬೆಳಗ್ಗೆ ಫೋನು ಮಾಡಿ ನಾರ್ಕಂಡದಲ್ಲಿ ಎಷ್ಟು ಹಿಮ ಬಿತ್ತು ಎಂದು ವರದಿ ಒಪ್ಪಿಸುತ್ತಿದ್ದ. ಕಲ್ಯಾಣದುರ್ಗದಲ್ಲಿ ಮಳೆ ಬಿದ್ದಿದ್ದನ್ನೂ ಅವನು ಅಷ್ಟು ಅಕ್ಕರೆಯಿಂದ ಹೇಳಿದ್ದಿಲ್ಲ. ರೆಸಾರ್ಟಿನವರು ಎತ್ತರ, ತೂಕ, ಪಾದದ ಅಳತೆ ಕೇಳಿದರು. ಮನೆಯಲ್ಲಿ ತೂಕದ ಮಿಷನ್ ಇಲ್ಲ. ನಾನು ಮಂಡಿಗೆ ಹೋಗಿ, ಹುಣಸೆಹಣ್ಣಿನ ಚೀಲ ತೂಗುವ ಕಾಟಾ ಮೇಲೆ ನಿಂತೆ. ಹಮಾಲಿಗಳು ಮರ್ಯಾದೆಗೆ ಅತ್ತ ತಿರುಗಿದರು. ಒಬ್ಬ ಮುದುಕ ಮಾತ್ರ ಅಂಕಿ ನೋಡಿ, "ಅಮ್ಮಾ, ಮಂಚಿ ಸರುಕು" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡ. ಒಳ್ಳೇ ಮಾಲು ಅಂತ.

ಆಮೇಲೆ ಒಂದು ಫಾರಂ ಬಂತು, ಇಂಗ್ಲಿಷಿನಲ್ಲಿ. ನಾಲ್ವರಲ್ಲಿ ಬಿ.ಎ. ಓದಿದವಳು ನಾನೊಬ್ಬಳೇ ಎಂದು ನಾಲ್ಕನ್ನೂ ನಾನೇ ತುಂಬಿದೆ. ಅಣ್ಣನದನ್ನು ಫೋನಿನಲ್ಲಿ ಕೇಳಿ ಕೇಳಿ ಬರೆದೆ. "ಸಕ್ಕರೆ ಕಾಯಿಲೆ?" "ಇಲ್ಲ." "ಉಬ್ಬಸ?" "ಇಲ್ಲ." "ಹಾರ್ಟಿಂದು ಏನಾದ್ರೂ?" ಅಲ್ಲಿಂದ ಮಾತು ಬರಲಿಲ್ಲ. ಮಿಷನ್ನಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಕೇಳಿದೆ. "ಇಲ್ಲ ಅಂತ ಬರಿಯಮ್ಮ" ಎಂದ. ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಸಂಕ್ರಾಂತಿಗೆ ಹತ್ತು ದಿನವಿರುವಾಗ ಅಣ್ಣ ಅತ್ತಿಗೆ ಮತ್ತೆ ಬಂದರು. ತರಿಸಿದ ಜಾಕೀಟು, ಪ್ಯಾಂಟು, ಟೋಪಿ, ಕೈಗವಸು ಎಲ್ಲ ನಡುಮನೆಯಲ್ಲಿ ಹರಡಿತ್ತು. ಯಜಮಾನರು ಅವನ್ನೆಲ್ಲ ನೋಡುತ್ತಾ, "ಬಾವ, ಇವನ್ನ ಹಾಕ್ಕೊಂಡು ಒಂದು ಸಲ ನಮ್ಮ ಕೋಲ್ಡ್ ಸ್ಟೋರೇಜ್‌ಗೆ ಹೋಗಿ ನಿಂತ್ಕಳಾನ. ತಡಿಯಾಕೆ ಆಯ್ತೈತೋ ಇಲ್ವೋ ಗೊತ್ತಾಯ್ತೈತೆ" ಎಂದರು. ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಹುಣಸೆಹಣ್ಣು ಬಿಸಿಲಿನ ಹಣ್ಣಾದರೂ ಕಪ್ಪಾಗದೆ ಉಳಿಯಬೇಕಾದರೆ ತಣ್ಣನೆಯ ಕೋಣೆಯಲ್ಲೇ ಇರಬೇಕು. ಊರ ಹೊರಗೆ ದೊಡ್ಡ ದೊಡ್ಡ ಗೋದಾಮುಗಳಿವೆ. ಬೇಸಿಗೆಯಲ್ಲಿ ನಾವು ಬೇಯುತ್ತಿರುವಾಗ ಹುಣಸೆಹಣ್ಣು ಅಲ್ಲಿ ಹಾಯಾಗಿ ಮಲಗಿರುತ್ತದೆ.

ಹೋದೆವು. ಬಾಗಿಲಲ್ಲಿದ್ದ ವಾಚ್‌ಮನ್ ನಮ್ಮ ವೇಷ ನೋಡಿ ಸ್ಟೂಲಿನಿಂದ ಎದ್ದು ನಿಂತುಬಿಟ್ಟ. "ಏಮಿ ಸಾರ್, ಸಿನಿಮಾ ಷೂಟಿಂಗಾ?" ಎಂದ. ನೀಲತ್ತಿಗೆ ಸೀರೆಯ ಮೇಲೇ ಆ ದಪ್ಪ ಜಾಕೀಟು ಹಾಕಿದ್ದಳು. ನಾನು ಪ್ಯಾಂಟಿನೊಳಗೆ ತೂರಿಕೊಂಡು ಕೂರಲೂ ಆಗದೆ ಬಗ್ಗಲೂ ಆಗದೆ ನಿಂತಿದ್ದೆ. ದಪ್ಪನೆಯ ಬಾಗಿಲು ತೆಗೆದರೆ ಒಳಗಿಂದ ಹೊಗೆಯಂಥ ತಣ್ಣನೆ ಗಾಳಿ, ಅದರ ಜೊತೆ ಹುಣಸೆಹಣ್ಣಿನ ಹುಳಿ ವಾಸನೆ. ಮಂದವಾದ ದೀಪ. ಚಾವಣಿಯವರೆಗೂ ಡಬ್ಬಗಳ ಸಾಲು. ಅಣ್ಣ ಎರಡು ಕೋಲು ಹಿಡಿದಂತೆ ಕೈ ಮಾಡಿ, ಮಂಡಿ ಬಗ್ಗಿಸಿ, "ಹಿಂಗೆ ನಿಂತ್ಕಬೇಕು ಕಣಮ್ಮ, ಭಾರ ಮುಂದಕ್ಕಿರ್ಬೇಕು" ಎಂದು ಆ ಸಾಲುಗಳ ನಡುವೆ ನಮಗೆ ಪಾಠ ಹೇಳತೊಡಗಿದ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು. ಅತ್ತಿಗೆಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಹತ್ತು ನಿಮಿಷವಾಗಿರಬಹುದು. ಅಣ್ಣ ಮಾತು ನಿಲ್ಲಿಸಿದ. ಒಂದು ಡಬ್ಬದ ಮೇಲೆ ಕುಳಿತ. ಆಟ ಆಡುತ್ತಿದ್ದಾನೆ ಎಂದುಕೊಂಡು ನಾನು ಇನ್ನೂ ನಗುತ್ತಲೇ ಇದ್ದೆ. ಅಷ್ಟು ಚಳಿಯಲ್ಲಿ ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿ ವಿಭೂತಿ ಕರಗಿ ಇಳಿಯುತ್ತಿರುವುದು ಕಂಡಾಗ ನನ್ನ ನಗು ಅಲ್ಲೇ ನಿಂತಿತು. ಅವನು ಕೈಗವಸು ಕಿತ್ತೊಗೆದು ಜಾಕೀಟಿನ ಜಿಪ್ಪಿಗೆ ತಡಕಾಡುತ್ತಿದ್ದ, ಬೆರಳು ಬರುತ್ತಿರಲಿಲ್ಲ. ನಮ್ಮ ಯಜಮಾನರು ಒಂದೇ ನೆಗೆತಕ್ಕೆ ಹೋಗಿ, ಜಿಪ್ಪು ಎಳೆದು, ಅಂಗಿಯ ಒಳಜೇಬಿಗೆ ನೇರವಾಗಿ ಕೈ ಹಾಕಿ, ಒಂದು ಸಣ್ಣ ಮಾತ್ರೆ ತೆಗೆದು ಅವನ ನಾಲಿಗೆಯ ಕೆಳಗಿಟ್ಟರು. ಹುಡುಕಲಿಲ್ಲ. ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ಅವನನ್ನು ಎತ್ತಿಕೊಂಡಂತೆ ಹೊರಗೆ ತಂದು ಬಿಸಿಲಿನಲ್ಲಿ ಕೂರಿಸಿದೆವು. ವಾಚ್‌ಮನ್ ನೀರು ತಂದ. ಕಾರು ಆಸ್ಪತ್ರೆಯ ಕಡೆಗೆ ಹೊರಟಾಗ ಅಣ್ಣನ ಮುಖಕ್ಕೆ ಬಣ್ಣ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅವನ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ ನೀಲತ್ತಿಗೆ ಮೆಲ್ಲಗೆ ಕೇಳಿದಳು: "ಅದೇನು ಮಾತ್ರೆ?"

ನಮ್ಮ ಯಜಮಾನರು ಕಿಟಕಿಯ ಗಾಜು ಇಳಿಸಿದರು.

"ಅಣ್ಣ, ನಿಮ್ಮನ್ನೇ ಕೇಳ್ತಿರೋದು" ಎಂದಳು ನಮ್ಮ ಯಜಮಾನರಿಗೆ. "ಅದು ಅಲ್ಲಿರೋದು ನಿಮಗೆ ಹೆಂಗೆ ಗೊತ್ತು?"

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಎಲ್ಲ ಹೊರಗೆ ಬಂತು. ಹಿಂದಿನ ಯುಗಾದಿ ಆದಮೇಲೆ ಅಣ್ಣ ಮಿಷನ್ನಿಗೆ ಬೇರಿಂಗ್ ತರುತ್ತೇನೆಂದು ಬೆಂಗಳೂರಿಗೆ ಹೋಗಿ ಮೂರು ದಿನ ಇದ್ದು ಬಂದಿದ್ದ. ಬೇರಿಂಗೂ ತಂದಿದ್ದ. ಅದರ ಜೊತೆಗೆ ಹೃದಯದ ನಾಳದಲ್ಲಿ ಒಂದು ಸ್ಟೆಂಟು. ಮಣಿಕಟ್ಟಿನ ಮೂಲಕ ಹಾಕಿದ್ದರಿಂದ ಎದೆಯ ಮೇಲೆ ಗುರುತಿಲ್ಲ. ಕೈಯ ಪಟ್ಟಿ ಏನೆಂದು ಕೇಳಿದರೆ ಮಿಷನ್ ತಗಲಿತು ಎಂದಿದ್ದ. ಆಸ್ಪತ್ರೆಯ ಕಾಗದಕ್ಕೆ ರುಜು ಹಾಕಿ, ಮೂರು ದಿನ ಹಾಸಿಗೆಯ ಪಕ್ಕ ಕೂತಿದ್ದವರು ನನ್ನ ಗಂಡ.

ನನ್ನ ಗಂಡ! ಸಂತೆಯಲ್ಲಿ ಬದನೆಕಾಯಿ ಕೊಂಡರೂ ಮನೆಗೆ ಬರುವ ಮುಂಚೆ ಫೋನಿನಲ್ಲಿ ಹೇಳುವ ಮನುಷ್ಯ. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದು ಎಂದು ನಾನೇ ಎಲ್ಲರೆದುರು ಹಾಸ್ಯ ಮಾಡಿದವಳು. ಆ ಮೂರು ದಿನ ಹುಣಸೆಹಣ್ಣಿನ ವ್ಯಾಪಾರಕ್ಕೆ ಬೆಂಗಳೂರಲ್ಲಿದ್ದೇನೆ ಎಂದಿದ್ದರು. ರಾತ್ರಿಯೂಟಕ್ಕೆ ಏನು ತಿಂದೆ ಎಂದೂ ಹೇಳಿದ್ದರು. ನಾನು ನಂಬಿ, ಮಜ್ಜಿಗೆ ಕುಡೀರಿ ಎಂದಿದ್ದೆ. ಮೂವತ್ತು ವರ್ಷ ಜೊತೆಗಿದ್ದ ಮನುಷ್ಯನನ್ನು ಆ ಬೆಂಚಿನ ಮೇಲೆ ಮೊದಲ ಸಲ ನೋಡುವಂತೆ ನೋಡಿದೆ.

"ಲಿಂಗ ಮುಟ್ಟಿಸಿ ಆಣೆ ಮಾಡಿಸ್ಕೊಂಡ್ರು ಸರೋಜ. ಏನ್ಮಾಡ್ಲಿ?" ಎಂದರು.

"ಹಂಗಾದ್ರೆ ಹಿಮದಾಗೆ ಹೋಗ್ತೀನಿ ಅಂದಾಗ ಯಾಕೆ ಸುಮ್ಕಿದ್ರಿ?"

"ಬ್ಯಾಡ ಅಂತ ಹತ್ತು ಸಲ ಹೇಳ್ದೆ, ಕೇಳ್ಲಿಲ್ಲ. ಕೋಲ್ಡ್ ಸ್ಟೋರೇಜ್‌ನಾಗೆ ಐದು ನಿಮಿಷ ನಿಂತ್ರೆ ಅವರೇ ಹೆದ್ರಿ ಬಿಟ್ಬುಡ್ತಾರೆ ಅಂದ್ಕೊಂಡೆ."

ಕರೆದುಕೊಂಡು ಹೋಗಿದ್ದು ಅದಕ್ಕೆ! ಅಣ್ಣನಿಗೆ ಏನಾದರೂ ಆಗಿದ್ದರೆ ಅದು ನನ್ನ ಗಂಡನ ಉಪಾಯದಿಂದ, ನಾನು ದುಂಡಗೆ ಬರೆದ ಸುಳ್ಳಿನಿಂದ. ಇಬ್ಬರೂ ಸೇರಿ ಅವನನ್ನು ಬಾಗಿಲವರೆಗೆ ತಳ್ಳಿದ್ದೆವು.

ನೀಲತ್ತಿಗೆ ಬೈಯಲಿಲ್ಲ, ಅಳಲಿಲ್ಲ. "ಗ್ಯಾಸಿನ ಮಾತ್ರೆ ಅಂತ ದಿನಾ ನುಂಗ್ತಿದ್ರು. ನಾನೇ ನೀರು ತಂದ್ಕೊಡ್ತಿದ್ದೆ" ಎಂದಳು. ಅಷ್ಟೇ. ಅದನ್ನು ಗೋಡೆಗೆ ಹೇಳಿದ ಹಾಗೆ ಹೇಳಿದಳು.

ಒಳಗೆ ಮಲಗಿದ್ದ ಅಣ್ಣನ ಹತ್ತಿರ ಹೋದೆ. "ಯಾಕಣ್ಣ ಹಿಂಗೆ ಮಾಡ್ದೆ?" ಎಂದೆ.

"ಹೇಳಿದ್ರೆ ನೀವೆಲ್ಲ ಹೆದರ್ತೀರಿ ಅಂತ."

"ಸರಿ. ಈ ಸ್ಕೀಯಿಂಗ್ ಯಾಕೆ?"

ಅವನು ಚಾವಣಿ ನೋಡಿದ. "ಆಸ್ಪತ್ರೆನಾಗೆ ಎದುರ್ಗೆ ಟಿವಿ ಇತ್ತು ಕಣಮ್ಮ. ಸೌಂಡ್ ಇರ್ಲಿಲ್ಲ. ಜನ ಹಿಮದಾಗೆ ಜಾರ್ತಿದ್ರು, ಬೀಳ್ತಿದ್ರು, ಎದ್ದು ನಗ್ತಿದ್ರು. ನಾನು ಹುಟ್ಟಿದಾಗಿಂದ ಬೀಳ್ತೀನಿ ಬೀಳ್ತೀನಿ ಅಂತ ಹೆದ್ರಿ ಒಂದಿನಾನೂ ಬೀಳ್ಲಿಲ್ಲ. ಆದ್ರೂ ಇದು ಬಂದ್ಬುಡ್ತಲ್ಲ. ಹಂಗಾದ್ರೆ ಅಷ್ಟು ಹೆದರಿದ್ದು ಯಾತಕ್ಕೆ?" ನಾನು ಅವನ ಕೈ ಹಿಡಿದುಕೊಂಡು ಕೂತೆ.

ಮಾರನೆಯ ದಿನ ಬೆಂಗಳೂರಿಗೆ ಕರೆದುಕೊಂಡು ಹೋದೆವು, ಈ ಸಲ ಎಲ್ಲರೂ. ಸ್ಟೆಂಟು ಸರಿಯಾಗಿದೆ, ಇನ್ನೊಂದು ಕಡೆ ಸಣ್ಣ ಅಡ್ಡಿಯಿದೆ, ಮಾತ್ರೆಯಲ್ಲೇ ನೋಡೋಣ ಎಂದರು ಡಾಕ್ಟರು. ಹಿಮಾಲಯದ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಳಿ, ಎತ್ತರ, ಆಯಾಸ ಮೂರೂ ಕೂಡದು, ಆ ಮಾತನ್ನೇ ಎತ್ತಬೇಡಿ ಎಂದರು. ಅಣ್ಣ ಬಯ್ಯಿಸಿಕೊಂಡ ಶಾಲೆಯ ಹುಡುಗನ ಹಾಗೆ ಹೊರಗೆ ಬಂದು, "ಎಲ್ಲ ಕ್ಯಾನ್ಸಲ್ ಮಾಡ್ಬುಡು ಸರೋಜಿ" ಎಂದ.

"ಯಾಕೆ ಕ್ಯಾನ್ಸಲ್ಲು?" ಎಂದಳು ನೀಲತ್ತಿಗೆ. "ನಾನು ಹೋಯ್ತೀನಿ."

ಆ ಕಾರಿಡಾರಿನಲ್ಲಿ ನಾವು ಮೂವರೂ ಒಂದೇ ಸಲ ಅವಳ ಕಡೆ ತಿರುಗಿದೆವು. ಕಲ್ಯಾಣದುರ್ಗದಿಂದ ಹಿಂದೂಪುರಕ್ಕೂ ಒಬ್ಬಳೇ ಬಸ್ಸು ಹತ್ತದವಳು ಅವಳು.

"ಇವರು ಹೇಳದೆ ಕೇಳದೆ ಜೀವ ಕೊಡೋಕೆ ಹೊಂಟಿದ್ರಲ್ಲ, ಅಂಥದ್ದು ಅಲ್ಲೇನೈತೆ ಅಂತ ನಾನು ನೋಡ್ಬೇಕು. ಸರೋಜ, ನೀನು ಬತ್ತೀಯೇನಮ್ಮ?"

"ಬತ್ತೀನಿ ಅತ್ತಿಗೆ" ಎಂದೆ. ನಮ್ಮ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮುಚ್ಚಿಕೊಂಡರು. ನಾವು ಬರುವವರೆಗೂ ಕಲ್ಯಾಣದುರ್ಗದಲ್ಲಿದ್ದು ಬಾವನಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವುದು ಅವರ ಪಾಲಿಗೆ ಬಂತು. ಎರಡು ಸುಳ್ಳುಗಳೂ ಒಂದೇ ಮನೆಯಲ್ಲಿರಲಿ ಎಂದು ನಾನೇ ಆಜ್ಞೆ ಮಾಡಿದೆ.

ಹೊರಡುವ ತನಕ ಅತ್ತಿಗೆಯ ಸ್ಥಿತಿ ನೋಡಲಾಗುತ್ತಿರಲಿಲ್ಲ. ಅಣ್ಣ ಊಟಕ್ಕೆ ಕೂತರೆ ಅವಳ ಕಣ್ಣು ಅವನ ಎದೆಯ ಮೇಲೆ. ಮಿಷನ್ ಮನೆಗೆ ಹೋದರೆ ಹಿಂದೆಯೇ ಹೋಗಿ ಬಾಗಿಲಲ್ಲಿ ಕೂರುತ್ತಿದ್ದಳು. ಅವನು ಕೆಮ್ಮಿದರೆ ಏಳುತ್ತಿದ್ದಳು, ಕೆಮ್ಮದಿದ್ದರೂ ಏಳುತ್ತಿದ್ದಳು. ಅವನ ಜೊತೆ ಮಾತು ಮಾತ್ರ ಇಲ್ಲ. ವಿಮಾನದಲ್ಲೂ ಅಷ್ಟೇ, ಕಿಟಕಿಯಾಚೆ ಮೋಡ ತೋರಿಸಿದರೆ, "ಈಗ ಮಧ್ಯಾಹ್ನದ ಮಾತ್ರೆ ತಗೊಂಡಿರ್ಬೇಕು, ಅಲ್ವಾ?" ಎಂದಳು. ಶಿಮ್ಲಾದ ತಿರುವುಗಳಲ್ಲಿ ನಾನು ವಾಂತಿ ಮಾಡಿಕೊಳ್ಳುತ್ತಿದ್ದರೆ ನನ್ನ ಬೆನ್ನು ಸವರುತ್ತಾ, ನಮ್ಮವರಿಗೆ ಫೋನು ಹಚ್ಚಿ, "ಬಿಪಿ ನೋಡಿದ್ರಾ ಅಣ್ಣ?" ಎನ್ನುತ್ತಿದ್ದಳು.

ನಾರ್ಕಂಡದಲ್ಲಿ ಹಿಮ ನಿಜಕ್ಕೂ ಇತ್ತು. ದೇವದಾರು ಮರಗಳ ಬುಡದಿಂದ ಕೆಳಗಿನವರೆಗೆ, ಕಣ್ಣು ಬಿಡಲಾಗದಷ್ಟು ಬೆಳ್ಳಗೆ. ಹೊಟ್ಟಿನ ರಾಶಿಯ ರಾಣಿಯಾಗಿದ್ದ ನಾನು ಎರಡು ದಿನದಲ್ಲಿ ಎಷ್ಟು ಸಲ ಬಿದ್ದೆನೆಂದರೆ, ಮೂರನೆಯ ದಿನ ಹಲಗೆ ಬಿಚ್ಚಿಟ್ಟು ಕುರ್ಚಿ ಹಾಕಿಸಿಕೊಂಡು ಕೂತೆ. ನೀಲತ್ತಿಗೆ ಮಾತ್ರ ಹಟ ಬಿಡಲಿಲ್ಲ. ಹೆಲ್ಮೆಟ್ಟಿನ ಕೆಳಗೆ ವಿಭೂತಿ, ಕುತ್ತಿಗೆಯಲ್ಲಿ ತಾಳಿ, ಸೀರೆಯ ಬದಲು ಪ್ಯಾಂಟು. ಬೀಳುವುದು, ಏಳುವುದು. ಕಲಿಸುತ್ತಿದ್ದ ಹುಡುಗಿ ಹಿಂದಿಯಲ್ಲಿ ಏನೋ ಹೇಳುತ್ತಿದ್ದಳು, ಅತ್ತಿಗೆ ತೆಲುಗಿನಲ್ಲಿ "ಸರೇ, ಸರೇ" ಎನ್ನುತ್ತಿದ್ದಳು. ಇಬ್ಬರಿಗೂ ಅರ್ಥವಾಗುತ್ತಿತ್ತು.

ಆ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅತ್ತಿಗೆ ಇಳಿಜಾರಿನ ಮೇಲಿಂದ ಹೊರಟಳು. ಬೀಳಲಿಲ್ಲ. ಮಂಡಿ ಬಗ್ಗಿಸಿ, ಬಾಯಿ ಅರ್ಧ ತೆರೆದು, ನೇರವಾಗಿ ಬಂದಳು. ಕಲಿಸುವವಳು ನಿಲ್ಲಿ ನಿಲ್ಲಿ ಎಂದು ಕೈ ಬೀಸಿದರೂ ಅವಳನ್ನು ದಾಟಿ, ಕೆಂಪು ಬಾವುಟ ದಾಟಿ, ನನ್ನನ್ನೂ ದಾಟಿ ಕೊನೆಯ ಬೇಲಿಯ ಹತ್ತಿರ ಹೋಗಿ ದೊಪ್ಪನೆ ಕುಸಿದು ಕೂತಳು. ನಾನು ಎದ್ದೂ ಬಿದ್ದೂ ಓಡಿದೆ. ಅವಳು ಕಾಲು ಚಾಚಿ ಹಿಮದಲ್ಲಿ ಕೂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತು ಅತ್ತಿಗೆ? ಎಲ್ಲಿ ನೋವಾಯ್ತು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೈಗವಸಿನ ಕೈಯನ್ನು ಬಾಯಿಯ ಮೇಲಿಟ್ಟುಕೊಂಡು, ಏನೋ ದೊಡ್ಡ ತಪ್ಪು ಮಾಡಿದವಳ ಹಾಗೆ ನನ್ನನ್ನು ನೋಡಿದಳು.

"ಮ್ಯಾಲಿಂದ ಇಲ್ಲೀಗಂಟ, ಸರೋಜ," ಎಂದಳು, "ಅವರ ಗ್ಯಾಪಕಾನೇ ಬರ್ಲಿಲ್ಲ ಕಣಮ್ಮ."